ಫ್ಲಾರೆನ್ಸ್ ನೈಟಿಂಗೇಲ್ ಇಟ್ಟ ಲೆಕ್ಕ

ನಮ್ಮೂರಿನ ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ಮಹನೀಯರ ಚಿತ್ರಗಳ ಸಾಲಿನ ಕಟ್ಟಕಡೆಗೆ ಒಬ್ಬ ಹೆಂಗಸಿನ ಚಿತ್ರವಿದ್ದಿತು. ತಲೆಗೆ ಬಿಳಿಯ ಬಟ್ಟೆ, ಕೈಯಲ್ಲಿ ಒಂದು ದೀಪ. ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳನ್ನು ರಾತ್ರಿಯೆಲ್ಲ ದೀಪ ಹಿಡಿದು ಉಪಚರಿಸಿದ ತಾಯಿ ಎಂದು ಮೇಷ್ಟರು ಹೇಳಿಕೊಟ್ಟಿದ್ದರು. ಎರಡು ಅಂಕದ ಪ್ರಶ್ನೆಗೆ ಅಷ್ಟೇ ಸಾಕಾಗುತ್ತಿದ್ದಿತು. ಹೀಗಿರಲು, ಕಳೆದ ವರ್ಷ ನಮ್ಮ ಸಂಖ್ಯಾಶಾಸ್ತ್ರದ ಅಧ್ಯಾಪಕರು ಕರಿಹಲಗೆಯ ಮೇಲೆ ಹೂವಿನ ಎಸಳುಗಳನ್ನು ಹೋಲುವ ಒಂದು ವೃತ್ತವನ್ನು ಬರೆದು, ಇದನ್ನು ರಚಿಸಿದಾಕೆ ಫ್ಲಾರೆನ್ಸ್ ನೈಟಿಂಗೇಲ್ ಎಂದಾಗ, ಅದೇ ಹೆಸರಿನ ಬೇರೆ ಯಾರೋ ಇರಬೇಕೆಂದು ನಾನು ಎಣಿಸಿದೆನು. ಬೇರೆಯಲ್ಲ, ಆಕೆಯೇ. ಅಂದಿನಿಂದ ಈಕೆಯ ಚರಿತ್ರೆಯನ್ನು ನಮ್ಮ ಗ್ರಂಥಭಂಡಾರದಲ್ಲಿಯೂ ಹೊರಗೂ ದೊರೆತಷ್ಟು ಓದಿದೆನು. ಓದಿದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಓದಲು ಇನ್ನೊಂದು ಕಾರಣವೂ ಉಂಟು. ನನ್ನ ಅಜ್ಜಿ ಸೂಲಗಿತ್ತಿ. ಸುತ್ತಲ ಏಳೆಂಟು ಹಳ್ಳಿಗಳಲ್ಲಿ ಅವಳ ಕೈಗೆ ಹುಟ್ಟಿದವರು ಐನೂರಕ್ಕೆ ಕಡಿಮೆಯಿಲ್ಲ ಎಂದು ಅವಳೇ ಹೇಳುತ್ತಾಳೆ. ಎರಡು ವರ್ಷಗಳ ಹಿಂದೆ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ, ಹೆರಿಗೆ ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂದು ನಮ್ಮ ಜಗಲಿಯ ಮೇಲೆ ಒಂದು ವಾರ ಚರ್ಚೆ ನಡೆಯಿತು. ಆಸ್ಪತ್ರೆಗೆ ಹೋಗಿ ಹೆಣವಾಗಿ ಬಂದ ಒಬ್ಬಳ ಕಥೆಯನ್ನು ಅಜ್ಜಿ ಹೇಳಿದಳು. ಮನೆಯಲ್ಲಿ ರಕ್ತ ಹೋಗಿ ತೀರಿಕೊಂಡ ಒಬ್ಬಳ ಕಥೆಯನ್ನು ಚಿಕ್ಕಮ್ಮ ಹೇಳಿದಳು. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡು ತೋರಿಸಿ ಆಸ್ಪತ್ರೆಗೇ ಹೋಗಬೇಕೆಂದಳು. ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದೇ ಕಥೆ. ಕಥೆ ಭಯಂಕರವಾಗಿದ್ದಷ್ಟೂ ಅದರ ತೂಕ ಹೆಚ್ಚು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದ್ದರಿಂದ ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನನಗೇನೂ ಹೇಳಲು ತೋಚಲಿಲ್ಲ. ಅಕ್ಕ ತಾಲ್ಲೂಕು ಆಸ್ಪತ್ರೆಯಲ್ಲಿ ಸುಖವಾಗಿ ಹೆತ್ತಳು; ಮಗು ಈಗ ಓಡಾಡುತ್ತಿದೆ. ಆದರೆ ಅಂದು ನಾವು ತೀರ್ಮಾನ ಮಾಡಿದ್ದು ಲೆಕ್ಕದಿಂದಲ್ಲ, ಅಕ್ಕನ ಅತ್ತೆಮನೆಯವರು ಕಾರು ತಂದು ನಿಲ್ಲಿಸಿದ್ದರಿಂದ. ಇದೇ ಪ್ರಶ್ನೆಯನ್ನು ನೈಟಿಂಗೇಲ್ ನೂರೈವತ್ತು ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡಿದ್ದಳೆಂದು ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು ೧೮೨೦ನೆಯ ಇಸವಿ ಮೇ ೧೨ರಂದು, ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ. ತಂದೆತಾಯಿಗಳು ಶ್ರೀಮಂತ ಆಂಗ್ಲರು. ಪ್ರವಾಸದಲ್ಲಿದ್ದಾಗ ಹುಟ್ಟಿದ ಮಗುವಿಗೆ ಆ ಊರಿನ ಹೆಸರನ್ನೇ ಇಟ್ಟರು. ನೇಪಲ್ಸಿನಲ್ಲಿ ಹುಟ್ಟಿದ ಅಕ್ಕನಿಗೆ ಆ ಊರಿನ ಹಳೆಯ ಗ್ರೀಕ್ ಹೆಸರಾದ ಪಾರ್ಥಿನೋಪೆ ಎಂಬುದೇ ಹೆಸರಾಯಿತು. ಡರ್ಬಿಶೈರಿನಲ್ಲಿ ಒಂದು ಬಂಗಲೆ, ಹ್ಯಾಂಪ್‌ಶೈರಿನಲ್ಲಿ ಇನ್ನೊಂದು, ಆಳುಕಾಳುಗಳಿಗೆ ಕೊರತೆಯಿರಲಿಲ್ಲ. ತಂದೆ ವಿಲಿಯಂ ನೈಟಿಂಗೇಲ್ ವಿದ್ಯಾಪಕ್ಷಪಾತಿ. ಹೆಣ್ಣುಮಕ್ಕಳಿಬ್ಬರಿಗೂ ಗ್ರೀಕ್, ಲ್ಯಾಟಿನ್, ಚರಿತ್ರೆ, ತತ್ವಶಾಸ್ತ್ರಗಳನ್ನು ತಾನೇ ಕಲಿಸಿದನು. ಕಿರಿಯಳಿಗೆ ಇದೂ ಸಾಲದೆ ಗಣಿತ ಬೇಕೆನ್ನಿಸಿತು. ಮದುವೆಯಾಗಿ ಮನೆ ನಡೆಸಬೇಕಾದ ಹುಡುಗಿಗೆ ಗಣಿತವೇಕೆಂದು ತಾಯಿಯ ವಾದ. ಈ ಮಾತನ್ನು ಬೇರೆ ಬೇರೆ ರೂಪಗಳಲ್ಲಿ ಕೇಳಿದ ಸಹಪಾಠಿನಿಯರು ನಮ್ಮ ತರಗತಿಯಲ್ಲಿಯೂ ಇದ್ದಾರೆ. ಬಹಳ ವಾದವಾದ ಮೇಲೆ ಪಾಠಕ್ಕೆ ವ್ಯವಸ್ಥೆಯಾಯಿತು.

೧೮೩೭ರಲ್ಲಿ, ಹದಿನಾರು ತುಂಬಿದ್ದಾಗ, ದೇವರು ತನ್ನನ್ನು ಸೇವೆಗೆ ಕರೆದನೆಂಬ ಭಾವನೆ ಆಕೆಯ ಮನಸ್ಸಿನಲ್ಲಿ ಬೇರೂರಿತು. ಯಾವ ಸೇವೆ ಎಂಬುದು ತಿಳಿಯಲು ಬಹಳ ವರ್ಷಗಳೇ ಹಿಡಿದವು. ೧೮೪೫ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿಯುತ್ತೇನೆಂದಾಗ ಮನೆಯಲ್ಲಿ ರಂಪವಾಯಿತು. ಆ ಕಾಲದಲ್ಲಿ ದಾದಿಯರೆಂದರೆ ಕುಡುಕಿಯರು, ಗತಿಯಿಲ್ಲದವರು ಎಂಬ ಎಣಿಕೆ. ಆಕೆ ಹಟ ಮಾಡಲಿಲ್ಲ. ಆದರೆ ಬೆಳಗಿನ ಜಾವ ಎದ್ದು, ಮನೆಯವರು ಏಳುವ ಮೊದಲೇ ಆಸ್ಪತ್ರೆಗಳ ವರದಿಗಳನ್ನೂ ಸರ್ಕಾರದ ಆರೋಗ್ಯ ವರದಿಗಳನ್ನೂ ತರಿಸಿಕೊಂಡು ಓದಿ ಟಿಪ್ಪಣಿ ಮಾಡತೊಡಗಿದಳು. ರಿಚರ್ಡ್ ಮಂಕ್ಟನ್ ಮಿಲ್ನ್ಸ್ ಎಂಬ ಯೋಗ್ಯ ವರನನ್ನು ವರ್ಷಗಟ್ಟಲೆ ಕಾಯಿಸಿ ಕಡೆಗೆ ಬೇಡವೆಂದಳು. ೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಮೂರು ತಿಂಗಳ ಶಿಕ್ಷಣ. ೧೮೫೩ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯಲ್ಲಿ ಸ್ತ್ರೀಯರ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ. ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಬಂದಿತು.

ರಷ್ಯಾದ ಮೇಲೆ ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಸಾರಿದ್ದು ೧೮೫೪ರ ಮಾರ್ಚಿಯಲ್ಲಿ. ಗಾಯಾಳುಗಳು ನಾಯಿಪಾಡಿನಲ್ಲಿ ಬಿದ್ದಿದ್ದಾರೆಂದು ಪತ್ರಿಕೆಗಳಲ್ಲಿ ಸುದ್ದಿ ಬಂದು ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು. ಯುದ್ಧ ಕಾರ್ಯದರ್ಶಿಯಾಗಿದ್ದ ಸಿಡ್ನಿ ಹರ್ಬರ್ಟ್ ಆಕೆಗೆ ಹಳೆಯ ಸ್ನೇಹಿತ. ಅವನ ಕೋರಿಕೆಯಂತೆ ಅಕ್ಟೋಬರ್ ೨೧ರಂದು ೩೮ ಮಂದಿ ಸ್ತ್ರೀಯರೊಡನೆ ಹೊರಟು, ನವೆಂಬರ್ ೪ರಂದು ಕಾನ್‌ಸ್ಟಾಂಟಿನೋಪಲಿಗೆ ಎದುರು ದಡದ ಸ್ಕುಟಾರಿಯನ್ನು ಸೇರಿದಳು. ಅಲ್ಲಿ ತುರ್ಕಿಯವರ ದೊಡ್ಡ ಬ್ಯಾರಕ್ಕೊಂದನ್ನು ಆಸ್ಪತ್ರೆಯಾಗಿ ಮಾಡಿದ್ದರು. ಅಂಗಿಯಿಲ್ಲ, ಬಟ್ಟಲಿಲ್ಲ, ಕಸಬರಿಕೆಯೂ ಇಲ್ಲ. ಇವನ್ನೆಲ್ಲ ಆಕೆ ತನ್ನ ಹಣದಿಂದಲೂ ಪತ್ರಿಕೆ ಕೂಡಿಸಿದ ಹಣದಿಂದಲೂ ತರಿಸಿದಳು, ಅಡಿಗೆಮನೆ ನಡೆಸಿದಳು, ಬಟ್ಟೆ ಒಗೆಯುವ ಏರ್ಪಾಡು ಮಾಡಿದಳು, ರಾತ್ರಿ ದೀಪ ಹಿಡಿದು ಸುತ್ತಿದಳು. ಆ ದೀಪ ನಮ್ಮ ಶಾಲೆಯ ಚಿತ್ರದಲ್ಲಿದ್ದಂತೆ ಹಣತೆಯ ಆಕಾರದ್ದಲ್ಲ. ಮಡಿಸಬಹುದಾದ ತುರ್ಕಿ ಲಾಂದ್ರ. ಇರಲಿ.

ಇಷ್ಟೆಲ್ಲ ಆದರೂ ಸಿಪಾಯಿಗಳು ಸಾಯುವುದು ನಿಲ್ಲಲಿಲ್ಲ. ನಿಲ್ಲುವುದಿರಲಿ, ಹೆಚ್ಚಿತು. ಆಸ್ಪತ್ರೆ ಸೇರಿದವರಲ್ಲಿ ೧೮೫೫ರ ಫೆಬ್ರವರಿಯಲ್ಲಿ ನೂರಕ್ಕೆ ೪೨ರಷ್ಟು ಸಾವು. ಗಾಯದಿಂದ ಸತ್ತವರು ಕಡಿಮೆ. ಭೇದಿ, ಕಾಲರಾ, ವಿಷಮಜ್ವರಗಳಿಂದ ಸತ್ತವರೇ ಹೆಚ್ಚು. ಮಾರ್ಚಿ ತಿಂಗಳಲ್ಲಿ ಲಂಡನ್ನಿನಿಂದ ಒಂದು ನೈರ್ಮಲ್ಯ ಸಮಿತಿ ಬಂದಿತು. ಡಾಕ್ಟರ್ ಸದರ್ಲೆಂಡ್, ಇಂಜಿನಿಯರ್ ರಾಲಿನ್‌ಸನ್ ಮೊದಲಾದವರು ಅದರಲ್ಲಿದ್ದರು. ಆ ಬೃಹತ್ ಕಟ್ಟಡ ನಿಂತಿದ್ದುದೇ ಕೊಳೆತು ನಿಂತ ಚರಂಡಿಗಳ ಮೇಲೆ ಎಂಬುದನ್ನು ಅವರು ಕಂಡರು. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಸಿಕ್ಕಿಕೊಂಡಿತ್ತು. ಚರಂಡಿ ತೊಳೆಸಿದರು, ಗಾಳಿಗೆ ದಾರಿ ಮಾಡಿಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು. ಜೂನ್ ತಿಂಗಳ ವೇಳೆಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಕಣ್ಣೆದುರಿಗೇ ನಡೆದ ಈ ಸಂಗತಿಯ ಅರ್ಥ ಆಗ ನೈಟಿಂಗೇಲ್‌ಗೆ ಪೂರ್ತಿಯಾಗಿ ಹೊಳೆಯಲಿಲ್ಲ. ಹಸಿದು, ಬಳಲಿ, ತಡವಾಗಿ ಬಂದ ಕಾರಣ ಸಿಪಾಯಿಗಳು ಸತ್ತರೆಂದೇ ಆಕೆ ನಂಬಿದ್ದಳು. ಹತ್ತಿರವಿದ್ದು ಹಗಲಿರುಳು ನೋಡಿದವರಿಗೇ ಕಾರಣ ಕಾಣಲಿಲ್ಲ! ಇದೇ ಈ ಚರಿತ್ರೆಯ ಮುಖ್ಯ ಘಟ್ಟವೆಂದು ನನ್ನ ಭಾವನೆ.

೧೮೫೬ರ ಆಗಸ್ಟಿನಲ್ಲಿ ಆಕೆ ಇಂಗ್ಲೆಂಡಿಗೆ ಮರಳಿದಳು. ದೇಶವೆಲ್ಲ ಮೆರವಣಿಗೆಗೆ ಸಿದ್ಧವಾಗಿದ್ದರೆ, ಈಕೆ ಯಾರಿಗೂ ತಿಳಿಸದೆ ಸದ್ದಿಲ್ಲದೆ ಮನೆ ಸೇರಿದಳು. ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಕಂಡು, ಸೈನ್ಯದ ಆರೋಗ್ಯದ ಬಗೆಗೆ ವಿಚಾರಣಾ ಆಯೋಗವೊಂದು ಬೇಕೆಂದು ಕೇಳಿದಳು. ೧೮೫೭ರ ಮೇ ತಿಂಗಳಲ್ಲಿ ಆಯೋಗದ ನೇಮಕವಾಯಿತು. ಅದಕ್ಕೆ ಲೆಕ್ಕ ಒದಗಿಸುವ ಕೆಲಸದಲ್ಲಿ ಆಕೆಗೆ ಜೊತೆಯಾದವನು ವಿಲಿಯಂ ಫಾರ್. ಇಂಗ್ಲೆಂಡಿನ ಜನನಮರಣ ದಾಖಲೆಯ ಕಛೇರಿಯಲ್ಲಿ ಅವನು ಸಂಖ್ಯಾಶಾಸ್ತ್ರಜ್ಞ. ಬಡ ಕುಟುಂಬದಲ್ಲಿ ಹುಟ್ಟಿ, ಊರಿನ ಒಬ್ಬ ಧನಿಕನ ಸಹಾಯದಿಂದ ಓದಿ ಮುಂದೆ ಬಂದವನು. ಶ್ರೀಮಂತರ ಮಗಳೂ ಬಡವನ ಮಗನೂ ಒಂದೇ ಮೇಜಿನ ಎರಡು ಕಡೆ ಕುಳಿತು ಸಾವಿನ ಕೋಷ್ಟಕಗಳನ್ನು ತಾಳೆ ನೋಡಿದ್ದನ್ನು ನೆನೆದಾಗ, ನನ್ನಂಥವನಿಗೂ ಈ ಶಾಸ್ತ್ರದಲ್ಲಿ ಒಂದು ಸ್ಥಳವಿರಬಹುದೆಂದು ಧೈರ್ಯ ಬರುತ್ತದೆ.

ಮೊದಲ ತೊಡಕು ದಾಖಲೆಗಳದ್ದೇ. ಸ್ಕುಟಾರಿಯಲ್ಲಿ ಸಾವುಗಳನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿದ್ದರು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಎಷ್ಟು ಮಂದಿ ಸತ್ತರೆಂದೇ ಗೊತ್ತಿಲ್ಲದಿದ್ದರೆ ಏಕೆ ಸತ್ತರೆಂದು ಹೇಳುವುದು ಹೇಗೆ? ಇರುವ ದಾಖಲೆಗಳನ್ನು ಸೋಸಿ, ಯುದ್ಧಭೂಮಿಯ ಹತ್ತಿರದ ಆಸ್ಪತ್ರೆಗಳ ಲೆಕ್ಕವನ್ನೂ ಸ್ಕುಟಾರಿಯ ಲೆಕ್ಕವನ್ನೂ ಫಾರ್ ಅಕ್ಕಪಕ್ಕದಲ್ಲಿಟ್ಟನು. ಹಸಿವು, ಬಳಲಿಕೆಗಳೇ ಕಾರಣವಾಗಿದ್ದರೆ ಎರಡು ಕಡೆಗೂ ಸಾವು ಹೆಚ್ಚುಕಡಿಮೆ ಸಮನಾಗಿರಬೇಕಿತ್ತು. ಹಾಗಿರಲಿಲ್ಲ. ಅತಿ ಹೆಚ್ಚು ಮಂದಿ ಸತ್ತದ್ದು ಆಕೆ ಇದ್ದ ಆಸ್ಪತ್ರೆಯಲ್ಲಿಯೇ. ಸಿಪಾಯಿಗಳು ಅಲ್ಲಿಗೆ ಸಾಯುತ್ತ ಬರಲಿಲ್ಲ. ಅಲ್ಲಿಗೆ ಬಂದದ್ದರಿಂದ ಸತ್ತರು. ಕೊಠಡಿಗಳಲ್ಲಿ ಒತ್ತೊತ್ತಾಗಿ ಮಲಗಿಸಿ, ಚರಂಡಿಯ ಮೇಲೆ ಆರೈಕೆ ಮಾಡಿದ್ದೇ ಮುಳುವಾಯಿತು.

ಆ ವರ್ಷದ ಆಗಸ್ಟಿನಲ್ಲಿ ಆಕೆ ಹಾಸಿಗೆ ಹಿಡಿದಳು; ಆಮೇಲೆ ಬಹಳ ವರ್ಷ ಕೋಣೆ ಬಿಟ್ಟು ಹೊರಗೆ ಬಂದದ್ದೇ ಅಪರೂಪ. ಈ ಸತ್ಯ ತಿಳಿದ ಆಘಾತವೇ ಕಾರಣವೆಂದು ಕೆಲವು ಚರಿತ್ರಕಾರರ ಮತ. ಕ್ರಿಮಿಯಾದಲ್ಲಿ ಹತ್ತಿದ ಜ್ವರದ ಶೇಷವೆಂದು ಇತರರ ಮತ. ಯಾವುದು ಸರಿಯಾದರೂ, ಆ ಲೆಕ್ಕವನ್ನು ಆಕೆ ಬಚ್ಚಿಡಲಿಲ್ಲ ಎಂಬುದು ಖಂಡಿತ. ದೇಶವೇ ತನ್ನನ್ನು ದೇವತೆಯೆಂದು ಕೊಂಡಾಡುತ್ತಿದ್ದಾಗ, ತಾನು ಕೆಲಸ ಮಾಡಿದ ಆಸ್ಪತ್ರೆಯೇ ಅತಿ ಕೆಟ್ಟವುಗಳಲ್ಲಿ ಒಂದಾಗಿತ್ತೆಂದು ತೋರಿಸುವ ಕೋಷ್ಟಕಗಳನ್ನು ತಾನೇ ಅಚ್ಚು ಹಾಕಿಸಿದಳು. ೧೮೫೮ರಲ್ಲಿ ಮುಗಿದ ಆ ದೊಡ್ಡ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ; ಆಕೆ ಖಾಸಗಿಯಾಗಿ ಅಚ್ಚುಮಾಡಿಸಿ ಪ್ರಭಾವಶಾಲಿಗಳ ಕೈಗೆ ಮುಟ್ಟಿಸಿದಳು.

ನಮ್ಮ ಅಧ್ಯಾಪಕರು ಬರೆದ ವೃತ್ತ ಹುಟ್ಟಿದ್ದು ಈ ಸಂದರ್ಭದಲ್ಲಿ. ಸಂಖ್ಯಾಶಾಸ್ತ್ರ ಒಣದಾಗಿದ್ದಷ್ಟೂ ಒಳ್ಳೆಯದೆಂದು ಫಾರ್‌ನ ಅಭಿಪ್ರಾಯ. ಕೋಷ್ಟಕವನ್ನು ಯಾವ ಮಂತ್ರಿಯೂ ಓದುವುದಿಲ್ಲವೆಂದು ಈಕೆಗೆ ಗೊತ್ತು. ಆದ್ದರಿಂದ ವೃತ್ತವೊಂದನ್ನು ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳಾಗಿ ಭಾಗಿಸಿದಳು. ತಡೆಯಬಹುದಾಗಿದ್ದ ರೋಗಗಳ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದದ್ದಕ್ಕೆ ಕಪ್ಪು. ೧೮೫೫ರ ಜನವರಿಯ ಎಸಳು ನೀಲಿಯಾಗಿ ಹಾಳೆಯ ಅಂಚಿನವರೆಗೂ ಚಾಚುತ್ತದೆ. ಅದರೊಳಗೆ ಕೆಂಪು ಒಂದು ಸಣ್ಣ ಚೂರು. ಪಕ್ಕದಲ್ಲಿ ಮರುವರ್ಷದ ವೃತ್ತ. ಅದು ಬಾಡಿದ ಮೊಗ್ಗಿನಂತೆ ಚಿಕ್ಕದು. ಓದು ಬಾರದ ನನ್ನ ಅವ್ವನಿಗೂ ಇದನ್ನು ತೋರಿಸಿದೆನು. ನೀಲಿಯದು ಏನೆಂದು ಅವಳೇ ಕೇಳಿದಳು. ಇದರಲ್ಲಿ ಒಂದು ಸೂಕ್ಷ್ಮವೂ ಉಂಟು. ಮೊದಮೊದಲು ರಚಿಸಿದ ಚಿತ್ರದಲ್ಲಿ ಸಾವಿನ ಸಂಖ್ಯೆಯನ್ನು ಕೇಂದ್ರದಿಂದ ಅಳೆದ ಉದ್ದದಿಂದ ತೋರಿಸಿದ್ದಳು. ಉದ್ದ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಕುಮಡಿಯಾಗುತ್ತದೆ, ಕಣ್ಣು ಮೋಸಹೋಗುತ್ತದೆ. ಆದ್ದರಿಂದ ಅದನ್ನು ಬಿಟ್ಟು, ಎಸಳಿನ ವಿಸ್ತೀರ್ಣವೇ ಸಂಖ್ಯೆಗೆ ಸಮನಾಗುವಂತೆ ಹೊಸದಾಗಿ ರಚಿಸಿದಳು. ತನ್ನ ವಾದಕ್ಕೆ ಅನುಕೂಲವಾಗಿದ್ದ ತಪ್ಪನ್ನು ತಿದ್ದುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಇಡೀ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ ರೋಗಗಳಿಂದ ಕಳೆದುಕೊಂಡವರು ಸುಮಾರು ೧೬,೦೦೦. ಕಾಳಗದಿಂದಲೂ ಗಾಯದಿಂದಲೂ ಸತ್ತವರು ೫,೦೦೦ಕ್ಕೂ ಕಡಿಮೆ. ಅಷ್ಟೇ ಅಲ್ಲ, ಶಾಂತಿಕಾಲದಲ್ಲಿ, ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲಿಯೇ, ಆರಿಸಿ ತೆಗೆದ ಗಟ್ಟಿಮುಟ್ಟಾದ ಯುವಕರು ಅದೇ ವಯಸ್ಸಿನ ಊರಿನ ಜನರಿಗಿಂತ ಸುಮಾರು ಎರಡರಷ್ಟು ಪ್ರಮಾಣದಲ್ಲಿ ಸಾಯುತ್ತಿದ್ದರೆಂದು ಆಕೆ ತೋರಿಸಿದಳು. ಬ್ಯಾರಕ್ಕುಗಳನ್ನು ಸುಧಾರಿಸಿದರು, ಸೈನ್ಯಕ್ಕೆ ವೈದ್ಯಶಾಲೆಯೂ ಸಂಖ್ಯಾಶಾಸ್ತ್ರದ ಇಲಾಖೆಯೂ ಬಂದವು. ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು.

ಇಲ್ಲಿಂದ ಮುಂದಕ್ಕೆ ಆಕೆಯ ದೃಷ್ಟಿ ಎಲ್ಲ ಆಸ್ಪತ್ರೆಗಳ ಮೇಲೂ ಹರಿಯಿತು. ಒಂದೊಂದು ಆಸ್ಪತ್ರೆಯೂ ತನಗೆ ತೋಚಿದಂತೆ ರೋಗಗಳಿಗೆ ಹೆಸರಿಟ್ಟು ತೋಚಿದಂತೆ ಲೆಕ್ಕವಿಡುತ್ತಿದ್ದರೆ ಯಾವ ಚಿಕಿತ್ಸೆ ಮೇಲು, ಯಾವ ಆಸ್ಪತ್ರೆ ಮೇಲು ಎಂದು ಹೋಲಿಸುವುದು ಸಾಧ್ಯವಿಲ್ಲ. ಆದ್ದರಿಂದ ಎಲ್ಲಕ್ಕೂ ಒಂದೇ ನಮೂನೆಯನ್ನು ಸಿದ್ಧಪಡಿಸಿದಳು: ವರ್ಷದ ಮೊದಲಲ್ಲಿ ಇದ್ದವರು, ಸೇರಿದವರು, ಗುಣವಾದವರು, ಗುಣವಾಗದೆ ಹೋದವರು, ಸತ್ತವರು, ಉಳಿದವರು, ಇವನ್ನು ರೋಗ, ವಯಸ್ಸು, ಹೆಣ್ಣು ಗಂಡುಗಳ ಪ್ರಕಾರ ವಿಂಗಡಿಸಿ ಬರೆಯಬೇಕು. ೧೮೬೦ರಲ್ಲಿ ಲಂಡನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಇದನ್ನು ಒಪ್ಪಿತು. ಕೆಲವು ಆಸ್ಪತ್ರೆಗಳು ಬಳಸಿದವು. ಆಮೇಲೆ ಖರ್ಚು, ಶ್ರಮ ಹೆಚ್ಚೆಂದೂ ರೋಗಗಳ ವರ್ಗೀಕರಣ ಸರಿಯಿಲ್ಲವೆಂದೂ ಕೈಬಿಟ್ಟವು. ಇಂದು ರೋಗಿಯ ವಯಸ್ಸು, ರಕ್ತದೊತ್ತಡ ಮೊದಲಾದವನ್ನು ಗಣಕಯಂತ್ರಕ್ಕೆ ಕೊಟ್ಟರೆ ಅಪಾಯವೆಷ್ಟೆಂದು ಅದು ಹೇಳುವುದನ್ನು ನಾವು ಕೇಳಿದ್ದೇವೆ. ಆ ಯಂತ್ರದ ಹಿಂದಿರುವುದೂ ಸಾವಿರಾರು ರೋಗಿಗಳ ಬಗೆಗೆ ಒಂದೇ ಕ್ರಮದಲ್ಲಿ ತುಂಬಿದ ಇಂಥ ದಾಖಲೆಗಳೇ.

ಲೆಕ್ಕವೂ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಆಕೆಯ ಪುಸ್ತಕವೇ ಸಾಕ್ಷಿಯಾಯಿತು. ಇದನ್ನು ಮರೆಮಾಚಿ ಹೊಗಳುವವರೇ ಹೆಚ್ಚು, ನಾನು ಹೇಳಿಬಿಡುತ್ತೇನೆ. ೧೮೬೩ರಲ್ಲಿ ಹೊರಬಂದ, ಆಸ್ಪತ್ರೆಗಳನ್ನು ಕುರಿತ ಆಕೆಯ ಪುಸ್ತಕದ ಹೊಸ ಆವೃತ್ತಿಯಲ್ಲಿ ಲಂಡನ್ನಿನ ೨೪ ಆಸ್ಪತ್ರೆಗಳ ಮರಣ ಪ್ರಮಾಣ ನೂರಕ್ಕೆ ೯೦ಕ್ಕೂ ಮೇಲೆ ಎಂದಿತ್ತು! ಓದಿದವರು ಹೌಹಾರಿದರು. ಈ ಸಂಖ್ಯೆ ಬಂದದ್ದು ಹೇಗೆಂದರೆ, ವರ್ಷದಲ್ಲಿ ಸತ್ತವರ ಒಟ್ಟು ಸಂಖ್ಯೆಯನ್ನು ೧೮೬೧ರ ಒಂದು ದಿನ ಆಸ್ಪತ್ರೆಯಲ್ಲಿದ್ದವರ ಸಂಖ್ಯೆಯಿಂದ ಫಾರ್ ಭಾಗಿಸಿದ್ದನು. ನೂರು ಹಾಸಿಗೆಯ ಆಸ್ಪತ್ರೆಯೊಂದಕ್ಕೆ ವರ್ಷದಲ್ಲಿ ಸಾವಿರ ಮಂದಿ ಬಂದುಹೋಗಿ, ಅವರಲ್ಲಿ ತೊಂಬತ್ತು ಮಂದಿ ಸತ್ತರೆಂದು ಇಟ್ಟುಕೊಳ್ಳೋಣ. ಬಂದವರ ಲೆಕ್ಕದಲ್ಲಿ ಸಾವು ನೂರಕ್ಕೆ ಒಂಬತ್ತು. ಫಾರ್‌ನ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು. ಅಂಶ ಅದೇ, ಛೇದ ಬೇರೆ. ಅಲ್ಲದೆ ಪಟ್ಟಣದ ಆಸ್ಪತ್ರೆಗೆ ಕಠಿಣ ರೋಗಿಗಳು ಹೆಚ್ಚಾಗಿ ಬರುತ್ತಾರೆ, ಬೇಗ ಬೇಗ ಬದಲಾಗುತ್ತಾರೆ. ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ವಾಸಿಯಾಗುತ್ತ ತಿಂಗಳುಗಟ್ಟಲೆ ಮಲಗಿರುತ್ತಾರೆ. ಎರಡನ್ನೂ ಇಂಥ ಒಂದು ಸಂಖ್ಯೆಯಿಂದ ಹೋಲಿಸಿ ಒಂದನ್ನು ಕೊಲೆಗಾರನೆನ್ನುವುದು ನ್ಯಾಯವಲ್ಲ. ವೈದ್ಯರು ಪತ್ರಿಕೆಗಳಲ್ಲಿ ಹರಿಹಾಯ್ದರು. ಅವರ ಸಿಟ್ಟಿಗೆ ಸ್ವಾರ್ಥವೂ ಸೇರಿದ್ದಿರಬಹುದು. ಆದರೆ ವಾದ ಅವರ ಕಡೆಗಿತ್ತೆಂದೇ ನನಗೆ ತೋರುತ್ತದೆ. ನಮ್ಮ ಅಧ್ಯಾಪಕರು ಪ್ರತಿ ಪರೀಕ್ಷೆಯ ಮುಂಚೆಯೂ ಛೇದವನ್ನು ಎರಡು ಸಲ ನೋಡಿ ಎನ್ನುವುದು ಏಕೆಂದು ಈಗ ಅರ್ಥವಾಗಿದೆ.

ಈಗ ನಮ್ಮ ಜಗಲಿಯ ಪ್ರಶ್ನೆಗೆ ಬರುತ್ತೇನೆ. ಆಕೆಯ ಹೆಸರಿನಲ್ಲಿ ಕೂಡಿದ ಸಾರ್ವಜನಿಕ ನಿಧಿಯಿಂದ ೧೮೬೦ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದದ್ದು ಎಲ್ಲರಿಗೂ ಗೊತ್ತು. ಅದೇ ನಿಧಿಯಿಂದ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡಲು ಒಂದು ಹೆರಿಗೆ ವಾರ್ಡನ್ನೂ ತೆರೆಸಿದ್ದಳು. ಹಳ್ಳಿಯ ಬಡವರಿಗೆ ಕಲಿತ ಸೂಲಗಿತ್ತಿಯರು ದೊರೆಯಲೆಂಬುದು ಆಶಯ. ಆದರೆ ಅಲ್ಲಿ ಬಾಣಂತಿ ಜ್ವರ ಕಾಣಿಸಿಕೊಂಡಿತು. ಸಾವಿರ ಹೆರಿಗೆಗೆ ಮೂವತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ೧೮೬೭ರಲ್ಲಿ ವಾರ್ಡನ್ನು ಮುಚ್ಚಲಾಯಿತು. ತನ್ನ ಹೆಸರಿನ ಹಣದಿಂದ ಕಟ್ಟಿದ್ದನ್ನು ಮುಚ್ಚಿ ಸುಮ್ಮನಾಗಬಹುದಿತ್ತು. ಆಕೆ ಸುಮ್ಮನಾಗಲಿಲ್ಲ. ಯೂರೋಪಿನ ಹೆರಿಗೆ ಆಸ್ಪತ್ರೆಗಳ ಲೆಕ್ಕವನ್ನೆಲ್ಲ ತರಿಸಿದಳು. ಲಿಯಾನ್ ಲ ಫೋರ್ ಎಂಬ ಫ್ರೆಂಚ್ ವೈದ್ಯನು ೧೮೬೬ರಲ್ಲಿ ಕೂಡಿಹಾಕಿದ್ದ ಲಕ್ಷಗಟ್ಟಲೆ ಹೆರಿಗೆಗಳ ಲೆಕ್ಕವೂ ಸಿಕ್ಕಿತು: ಆಸ್ಪತ್ರೆಗಳಲ್ಲಿ ಸಾವಿರಕ್ಕೆ ೩೪ ತಾಯಂದಿರ ಸಾವು, ಮನೆಗಳಲ್ಲಿ ಸಾವಿರಕ್ಕೆ ಐದಕ್ಕೂ ಕಡಿಮೆ.

ಕಷ್ಟದ ಹೆರಿಗೆಗಳೇ ಆಸ್ಪತ್ರೆಗೆ ಬಂದಿರಬಹುದಲ್ಲವೆ ಎಂಬ ಸಂದೇಹ ಯಾರಿಗಾದರೂ ಬರುತ್ತದೆ. ಆಕೆಗೂ ಬಂದಿತು. ಬಡತನ ಕಾರಣವೋ, ವಯಸ್ಸು ಕಾರಣವೋ ಎಂದು ಒಂದೊಂದನ್ನೇ ಪರೀಕ್ಷಿಸಿದಳು. ಬಡವರಲ್ಲಿ ಬಡವರಾದ ಹೆಂಗಸರು ಸೇರುತ್ತಿದ್ದ ಅನಾಥಾಲಯದ ಕೆಲವು ವಾರ್ಡುಗಳಲ್ಲಿ ಸಾವು ದೊಡ್ಡ ಆಸ್ಪತ್ರೆಗಳಿಗಿಂತ ಕಡಿಮೆಯಿದ್ದುದು ಕಂಡಿತು. ಹಾಗಾದರೆ ದೋಷ ಬಾಣಂತಿಯರಲ್ಲಿಲ್ಲ; ಹಲವರನ್ನು ಒಂದೆಡೆ ಮಲಗಿಸುವುದರಲ್ಲಿಯೂ, ರೋಗಿಗಳನ್ನೂ ಹೆಣಗಳನ್ನೂ ಮುಟ್ಟಿದ ವಿದ್ಯಾರ್ಥಿಗಳು ಹೆರಿಗೆ ಕೋಣೆಗೆ ಬರುವುದರಲ್ಲಿಯೂ ಇದೆ. ೧೮೭೧ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ, ಅಂದಿನ ಸ್ಥಿತಿಯಲ್ಲಿ ಬಡವಳಿಗೂ ಮನೆಯ ಹೆರಿಗೆಯೇ ಕ್ಷೇಮವೆಂದು ನಿರ್ಣಯಿಸಿ, ಸಾವು ತಗ್ಗಬೇಕಾದರೆ ಹೆರಿಗೆ ಮನೆಗಳನ್ನು ಹೇಗೆ ಕಟ್ಟಬೇಕೆಂದು ನಕ್ಷೆಸಹಿತ ಬರೆದಳು. ಪುಸ್ತಕವನ್ನು ಅರ್ಪಿಸಿದ್ದು ಸಾಕ್ರಟೀಸನ ತಾಯಿಯ ಆತ್ಮಕ್ಕೆ. ಆ ಮಹಾಜ್ಞಾನಿಯ ತಾಯಿ ಸೂಲಗಿತ್ತಿ! ಇದನ್ನು ಹೇಳಿದಾಗ ಅಜ್ಜಿ ಬಹಳ ಹಿಗ್ಗಿದಳು.

ಅಜ್ಜಿಯ ಹಿಗ್ಗು ತಪ್ಪಲ್ಲವಾದರೂ, ಅಂದಿನ ಲೆಕ್ಕ ಇಂದಿಗೆ ಹೊಂದುವುದಿಲ್ಲ. ಸೂಕ್ಷ್ಮಜೀವಿಗಳ ಪರಿಚಯ, ಕೈ ತೊಳೆಯುವ ನಿಯಮ, ಜೀವನಿರೋಧಕ ಔಷಧಗಳು, ರಕ್ತದಾನ ಇವೆಲ್ಲ ಬಂದ ಮೇಲೆ ತಕ್ಕಡಿ ಆಸ್ಪತ್ರೆಯ ಕಡೆಗೆ ವಾಲಿತು. ನೈಟಿಂಗೇಲ್ ಬಹುಕಾಲ ಸೂಕ್ಷ್ಮಜೀವಿಗಳನ್ನು ನಂಬಲಿಲ್ಲ. ಕೊಳಕಿನಿಂದ ಕೆಟ್ಟ ಗಾಳಿಯೆದ್ದು ರೋಗ ಹುಟ್ಟುತ್ತದೆಂದೇ ಆಕೆಯ ಮತ. ಸಿದ್ಧಾಂತ ತಪ್ಪಿದ್ದರೂ ಎಣಿಕೆ ಸರಿಯಿದ್ದುದರಿಂದ ಅನೇಕರು ಬದುಕಿದರು. ನಾನು ಇದನ್ನೆಲ್ಲ ವಿವರಿಸಿ, ನಿನ್ನ ಕೈಯಲ್ಲಿ ಸತ್ತವರೆಷ್ಟು ಎಂದು ಅಜ್ಜಿಯನ್ನು ಕೇಳಿದೆನು. ಅವಳು ಮೊರ ತೆಗೆದುಕೊಂಡು ಒಳಗೆ ಹೋದಳು. ಕೇಳಬಾರದಿತ್ತೆಂದು ನನಗೂ ಅನ್ನಿಸಿತು. ಎರಡು ದಿನಗಳ ಮೇಲೆ, ರಾತ್ರಿ ಊಟವಾದ ಮೇಲೆ, ತಾನಾಗಿಯೇ ಬಂದು ಕುಳಿತು ಬೆರಳು ಮಡಿಸತೊಡಗಿದಳು. ಹೆಸರು, ಊರು, ಯಾರ ಸೊಸೆ ಎಂಬುದು ಸಹಿತ ಒಂಬತ್ತು ಮಂದಿಯನ್ನು ಹೇಳಿದಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಅವಳು ಮಾತ್ರ ಮರೆತಿರಲಿಲ್ಲ. ಐನೂರಕ್ಕೆ ಒಂಬತ್ತೆಂದರೆ ಸಾವಿರಕ್ಕೆ ಹದಿನೆಂಟು. ಆ ಭಾಗಾಕಾರವನ್ನು ನಾನು ಅವಳೆದುರಿಗೆ ಮಾಡಲಿಲ್ಲ.

ಹಿಂದೂಸ್ಥಾನಕ್ಕೆ ನೈಟಿಂಗೇಲ್ ಒಮ್ಮೆಯೂ ಬರಲಿಲ್ಲ. ಆದರೂ ತನ್ನ ಬದುಕಿನ ನಲವತ್ತು ವರ್ಷ ಈ ದೇಶದ ಲೆಕ್ಕ ನೋಡಿದಳು. ಇಲ್ಲಿನ ಸೈನ್ಯದ ಆರೋಗ್ಯವನ್ನು ವಿಚಾರಿಸಲು ೧೮೫೯ರಲ್ಲಿ ಆಯೋಗ ನೇಮಕವಾದಾಗ, ದಂಡಿನ ಠಾಣೆಗಳಿಗೆಲ್ಲ ಪ್ರಶ್ನೆಗಳ ನಮೂನೆ ಕಳಿಸಿ ಉತ್ತರ ತರಿಸಿದಳು. ಬ್ರಿಟಿಷ್ ಸಿಪಾಯಿಗಳು ಇಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ರಂತೆ ಸಾಯುತ್ತಿದ್ದರೆಂದು ೧೮೬೩ರ ವರದಿಯಿಂದ ಹೊರಬಿದ್ದಿತು. ಬೆಂಗಳೂರು ದಂಡಿನ ಸಂಗತಿಯೂ ಅದರಲ್ಲಿದೆ: ಬಜಾರಿನ ಕೊಳಚೆ ಹರಿದು ಸೇರುತ್ತಿದ್ದ ಹಲಸೂರು ಕೆರೆಯ ನೀರನ್ನೇ ಕುಡಿಯಲು ಬಳಸುತ್ತಿದ್ದರು. ಸಿಪಾಯಿಯ ಆರೋಗ್ಯ ಸುಧಾರಿಸಬೇಕಾದರೆ ಸುತ್ತಲ ಊರು ಸುಧಾರಿಸಬೇಕೆಂದು ತಿಳಿದ ಮೇಲೆ ಆಕೆಯ ಗಮನ ನಮ್ಮ ರೈತರ ಕಡೆಗೆ ತಿರುಗಿತು. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆಯುವ ೧೮೭೬-೭೮ರ ಕ್ಷಾಮದ ಕಾಲದಲ್ಲಿ ಆಕೆ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ದಕ್ಷಿಣದ ಸಾವುಗಳ ಬಗೆಗೆ ಬರೆದು ನೀರಾವರಿಗಾಗಿ ವಾದಿಸಿದಳು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದದ್ದು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆಡಳಿತ ಕೇಳಲಿಲ್ಲವೆಂದೇ ಹೇಳಬೇಕು.

ಮುಪ್ಪಿನಲ್ಲಿ ಆಕೆಯನ್ನು ಕಾಡಿದ್ದು ಒಂದೇ ವ್ಯಥೆ: ಮಂತ್ರಿಗಳು ಕಾನೂನು ಮಾಡುತ್ತಾರೆ, ಅದರಿಂದ ಏನಾಯಿತೆಂದು ತಿರುಗಿ ನೋಡುವುದಿಲ್ಲ; ಕಛೇರಿಗಳಲ್ಲಿ ಅಂಕಿಗಳ ರಾಶಿ ಬಿದ್ದಿರುತ್ತದೆ, ಅದನ್ನು ಓದಲು ಬಲ್ಲವರಿಲ್ಲ. ಆದ್ದರಿಂದ ೧೮೯೧ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯಕ್ಕೆ ಒಂದು ಪ್ರಾಧ್ಯಾಪಕ ಪೀಠ ಬೇಕೆಂದು ಫ್ರಾನ್ಸಿಸ್ ಗಾಲ್ಟನ್‌ಗೆ ಪತ್ರ ಬರೆದಳು. ತಾನೇ ಹಣ ಕೊಡಲು ಮುಂದಾದಳು. ಪತ್ರವ್ಯವಹಾರ ನಡೆಯಿತು, ಪೀಠ ಬರಲಿಲ್ಲ. ಆಮೇಲೆ ಕಣ್ಣು ಹೋಯಿತು, ನೆನಪು ಮಸುಕಾಯಿತು. ೧೯೦೭ರಲ್ಲಿ ದೊರೆ ಆರ್ಡರ್ ಆಫ್ ಮೆರಿಟ್ ಬಿರುದನ್ನು ಕೊಟ್ಟಾಗ, ಹೆಂಗಸೊಬ್ಬಳಿಗೆ ಅದು ದೊರೆತದ್ದು ಅದೇ ಮೊದಲಾಗಿದ್ದರೂ, ಏನು ಕೊಟ್ಟರೆಂದು ಆಕೆಗೆ ಸರಿಯಾಗಿ ತಿಳಿಯುವ ಸ್ಥಿತಿ ಇರಲಿಲ್ಲ.

೧೯೧೦ನೆಯ ಇಸವಿ ಆಗಸ್ಟ್ ೧೩ರಂದು ಲಂಡನ್ನಿನ ತನ್ನ ಮನೆಯಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡಳು. ರಾಜರನ್ನೂ ಕವಿಗಳನ್ನೂ ಹೂಳಿರುವ ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಸ್ಥಳ ಕೊಡುತ್ತೇವೆಂದರೂ ಬಂಧುಗಳು ಒಪ್ಪದೆ, ಹ್ಯಾಂಪ್‌ಶೈರಿನ ಈಸ್ಟ್ ವೆಲೋ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ, ತಂದೆತಾಯಿಗಳ ಸಮಾಧಿಯಲ್ಲಿಯೇ ಆಕೆಯನ್ನು ಹೂಳಿದರು. ಕಲ್ಲಿನ ಮೇಲೆ ಆಕೆಯ ಹೆಸರಿಗೆ ಬದಲು ಎಫ್. ಎನ್. ಎಂಬ ಎರಡು ಅಕ್ಷರಗಳು ಮಾತ್ರ ಇವೆ. ಹುಟ್ಟಿದ ತಾರೀಖೂ ಸತ್ತ ತಾರೀಖೂ ಪೂರ್ತಿಯಾಗಿವೆ.